ಫ್ಯಾಕ್ಟರಿ ರೀಸೆಟ್ ಅರ್ಧಕ್ಕೇ ನಿಂತಿದೆಯೇ? ನಾಸ್‌ನ ಪ್ಲಗ್ ಕೀಳುವ ಮುಂಚೆ ಇದನ್ನು ನೋಡಿ

ಮನೆಯವರೆಲ್ಲ ಫೈಲ್ ಇಡಲು ರೌಟರ್‌ಗೆ ಜೋಡಿಸುವ ನೆಟ್‌ವರ್ಕ್ ಡ್ರೈವ್‌ಗೆ, ಅಂದರೆ ನಾಸ್‌ಗೆ, ಫ್ಯಾಕ್ಟರಿ ರೀಸೆಟ್ ಕೊಟ್ಟಿದ್ದೀರಿ. ಬ್ರೌಸರ್‌ನಲ್ಲಿ ಗೆರೆ ಮೆಲ್ಲಗೆ ಮುಂದೆ ಸಾಗುತ್ತಿತ್ತು. ಈಗ ಒಂದೇ ಕಡೆ ನಿಂತಿದೆ. ಗಂಟೆಗಟ್ಟಲೆ ಕಾದರೂ ಅಲುಗಾಡುತ್ತಿಲ್ಲ. ಪೆಟ್ಟಿಗೆಯ ಲೈಟ್ ಮಾತ್ರ ಮಿನುಗುತ್ತಲೇ ಇದೆ. ಕೈ ತಾನಾಗಿಯೇ ಪ್ಲಗ್ ಕಡೆ ಹೋಗುತ್ತದೆ, ಅಲ್ವಾ?

ಸ್ವಲ್ಪ ತಡೆಯಿರಿ. ನಾಸ್ ತನ್ನ ಕೆಲಸ ಯಾವಾಗಲೋ ಮುಗಿಸಿ, ಹೊಸ ಐಪಿ ವಿಳಾಸದಲ್ಲಿ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ನಿಮಗಾಗಿ ಕಾಯುತ್ತಿರಬಹುದು. ಡಿಸ್ಕ್ ಇನ್ನೂ ದುಡಿಯುತ್ತಿರಬಹುದು. ಅಥವಾ ಡಿಸ್ಕೇ ಕೆಟ್ಟು, ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಒದ್ದಾಡುತ್ತಿರಬಹುದು. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ. ಆದರೆ ಪರಿಹಾರ ಬೇರೆ ಬೇರೆ. ಪ್ಲಗ್ ಕೀಳುವುದು ಮೊದಲನೆಯದಕ್ಕೆ ಬೇಕಿಲ್ಲ, ಎರಡನೆಯದಕ್ಕೆ ಕೂಡದು, ಮೂರನೆಯದಕ್ಕೆ ಸಾಲದು. ಹಾಗಾಗಿ ಎಲ್ಲಿ ನಿಂತಿದೆ ಎಂದು ಪತ್ತೆ ಮಾಡುವುದೇ ಮೊದಲ ಕೆಲಸ. ಅದಕ್ಕೆ ದೊಡ್ಡ ಪರಿಣತಿ ಬೇಕಿಲ್ಲ.

ರೀಸೆಟ್ ಒತ್ತಿದಾಗ ಒಳಗೆ ಏನಾಗುತ್ತದೆ

ನಾಸ್ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ನೆಟ್‌ವರ್ಕ್ ಪೋರ್ಟ್ ಇದೆ. ಮನೆಗಳಲ್ಲಿ ಕಾಣುವ ಬಹುಪಾಲು ಮಾದರಿಗಳಲ್ಲಿ ಓಡುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಆ ಲಿನಕ್ಸ್ ಎಲ್ಲಿ ಕೂತಿದೆ ಅನ್ನುವುದು ಇಲ್ಲಿ ತುಂಬಾ ಮುಖ್ಯ. ಸಿನಾಲಜಿ ಎಂಬ ಕಂಪನಿಯ ಸಾಮಾನ್ಯ ಪೆಟ್ಟಿಗೆಗಳಲ್ಲಿ ಅದು ಹಾರ್ಡ್ ಡಿಸ್ಕ್‌ನ ಮೇಲೆಯೇ, ಮೊದಲ ಪಾರ್ಟಿಶನ್‌ನಲ್ಲಿ (ಡಿಸ್ಕ್‌ನ ಒಂದು ವಿಭಾಗ) ಇರುತ್ತದೆ. ಎರಡು ಡಿಸ್ಕ್ ಹಾಕಿದ್ದರೆ ಎರಡರಲ್ಲೂ ಅದರ ಪ್ರತಿ ಇರುತ್ತದೆ. ಬೋರ್ಡಿನ ಮೇಲಿನ ಸಣ್ಣ ಫ್ಲ್ಯಾಶ್ ಚಿಪ್‌ನಲ್ಲಿ ಇರುವುದು ಪೆಟ್ಟಿಗೆಯನ್ನು ಎಬ್ಬಿಸಲು ಬೇಕಾದಷ್ಟು ಪ್ರೋಗ್ರಾಂ ಮಾತ್ರ. ಅಂದರೆ ಡಿಸ್ಕ್‌ನ ಶುರುವಿನ ಭಾಗ ಕೆಟ್ಟರೆ ನಿಮ್ಮ ಫೈಲುಗಳ ಜೊತೆ ಪೆಟ್ಟಿಗೆಯೂ ಏಳಲು ಕಷ್ಟಪಡುತ್ತದೆ.

ರೀಸೆಟ್ ಅಂದಾಗ ಸರಣಿಯಾಗಿ ಹಲವು ಕೆಲಸ ನಡೆಯುತ್ತವೆ. ಮೊದಲು ಓಡುತ್ತಿರುವ ಸೇವೆಗಳನ್ನು ನಿಲ್ಲಿಸಬೇಕು. ನಂತರ ಯೂಸರ್, ಪಾಸ್‌ವರ್ಡ್, ನೆಟ್‌ವರ್ಕ್ ಸೆಟ್ಟಿಂಗ್ ಅಳಿಸಬೇಕು. ಡೇಟಾ ಕೂಡ ಅಳಿಸಿ ಎಂದು ನೀವು ಹೇಳಿದ್ದರೆ ಪಾರ್ಟಿಶನ್ ಹೊಸದಾಗಿ ಮಾಡಿ ಫಾರ್ಮ್ಯಾಟ್ ಮಾಡಬೇಕು. ಆಮೇಲೆ ರೀಬೂಟ್. ಎದ್ದ ಮೇಲೆ ರೌಟರ್‌ನಿಂದ ಐಪಿ ವಿಳಾಸ ಕೇಳಿ ಪಡೆಯಬೇಕು. ಕೊನೆಗೆ ಸೆಟಪ್ ಪುಟ ತೆರೆಯಬೇಕು. ನಿಮ್ಮ ಬ್ರೌಸರ್‌ಗೂ ನಾಸ್‌ಗೂ ಮಾತುಕತೆ ಇರುವುದು ಈ ಸರಣಿಯ ಮೊದಲ ಭಾಗದಲ್ಲಿ ಮಾತ್ರ. ರೀಬೂಟ್ ಆದ ಕ್ಷಣ ಸಂಪರ್ಕ ಕಡಿದುಹೋಗುತ್ತದೆ. ಆಮೇಲೆ ಪರದೆಯ ಮೇಲೆ ಕಾಣುವ ಶೇಕಡಾವಾರು ಎಷ್ಟೋ ಸಲ ಬ್ರೌಸರ್ ತಾನೇ ಅಂದಾಜಿನಲ್ಲಿ ಓಡಿಸುತ್ತಿರುವ ಗೆರೆ. ಅದನ್ನು ನಂಬಿ ತೀರ್ಮಾನ ಮಾಡಬೇಡಿ.

ರೀಸೆಟ್‌ನಲ್ಲೂ ಬಗೆಗಳಿವೆ. ವೆಸ್ಟರ್ನ್ ಡಿಜಿಟಲ್‌ನ ಮೈ ಕ್ಲೌಡ್ ಮೆನುವಿನಲ್ಲಿ ಸಿಸ್ಟಮ್ ಓನ್ಲಿ, ಕ್ವಿಕ್, ಫುಲ್ ಎಂದು ಮೂರು ಸಿಗುತ್ತವೆ. ಮೊದಲನೆಯದು ಸೆಟ್ಟಿಂಗ್ ಮಾತ್ರ ಅಳಿಸುತ್ತದೆ, ಫೈಲುಗಳು ಉಳಿಯುತ್ತವೆ. ಕ್ವಿಕ್‌ನಲ್ಲಿ ಫೈಲುಗಳ ಲೆಕ್ಕಪತ್ರ ಅಳಿಯುತ್ತದೆ. ಫುಲ್‌ನಲ್ಲಿ ಇಡೀ ಡಿಸ್ಕ್‌ನ ಮೇಲೆ ಬರೆದು ಅಳಿಸುತ್ತದೆ. ಪಹಣಿ ಹರಿದು ಹಾಕಿದ ಮಾತ್ರಕ್ಕೆ ಹೊಲದ ಬೆಳೆ ಮಾಯವಾಗುವುದಿಲ್ಲ. ಕ್ವಿಕ್ ಹಾಗೆ. ಫುಲ್ ಅಂದರೆ ಇಡೀ ಹೊಲವನ್ನೇ ಉತ್ತುಬಿಡುವುದು. ನೀವು ಯಾವುದನ್ನು ಒತ್ತಿದಿರಿ ಎಂದು ನೆನಪಿಸಿಕೊಳ್ಳಿ. ಮುಂದಿನ ಎಲ್ಲಾ ಲೆಕ್ಕವೂ ಅದರ ಮೇಲೆ ನಿಂತಿದೆ.

ಎಷ್ಟು ಹೊತ್ತು ಅಂದರೆ ಜಾಸ್ತಿ ಹೊತ್ತು?

ಇದಕ್ಕೆ ಊಹೆ ಬೇಕಿಲ್ಲ, ಸರಳ ಭಾಗಾಕಾರ ಸಾಕು. 4 ಟಿಬಿ ಅಂದರೆ ಸುಮಾರು 40 ಲಕ್ಷ ಎಂಬಿ. ಡಿಸ್ಕ್ ಸೆಕೆಂಡಿಗೆ 150 ಎಂಬಿ ಬರೆಯುತ್ತದೆ ಎಂದುಕೊಂಡರೂ ಪೂರ್ತಿ ಬರೆಯಲು 7 ಗಂಟೆ 24 ನಿಮಿಷ ಬೇಕು. 100 ಎಂಬಿ ಆದರೆ 11 ಗಂಟೆ ದಾಟುತ್ತದೆ. 8 ಟಿಬಿಗೆ ಇದರ ಎರಡರಷ್ಟು. ಇನ್ನೊಂದು ವಿಷಯವಿದೆ. ಹಾರ್ಡ್ ಡಿಸ್ಕ್‌ನ ತಟ್ಟೆಯ ಹೊರ ಅಂಚಿನಲ್ಲಿ ಬರೆಯುವ ವೇಗ ಜಾಸ್ತಿ, ಒಳಕ್ಕೆ ಹೋದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲ ಅರ್ಧ ಸರಸರ ಹೋಗಿ, ಕೊನೆಯ ಭಾಗ ನಿಂತೇ ಹೋದಂತೆ ಕಾಣುವುದು ಸಹಜ. ಹಳೆಯ ನಾಸ್‌ಗಳ ಪ್ರೊಸೆಸರ್ ಕೂಡ ನಿಧಾನ. ಫುಲ್ ರೀಸೆಟ್ ಕೊಟ್ಟು ಎರಡು ಗಂಟೆಗೇ ಗಾಬರಿಯಾದರೆ, ಅದು ಲೆಕ್ಕ ಹಾಕದೆ ಬಂದ ಗಾಬರಿ.

ಸೆಟ್ಟಿಂಗ್ ಮಾತ್ರದ ರೀಸೆಟ್ ಅಥವಾ ಕ್ವಿಕ್ ಕೊಟ್ಟಿದ್ದರೆ ಮಾತು ಬೇರೆ. ಅವು ನಿಮಿಷಗಳ ಕೆಲಸ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಬಿಡಿ. ಅದನ್ನೂ ದಾಟಿದರೆ ತನಿಖೆ ಶುರು ಮಾಡಬಹುದು.

ಎರಡು ಡಿಸ್ಕ್‌ನ ಪೆಟ್ಟಿಗೆಯಲ್ಲಿ ಇನ್ನೊಂದು ಗೊಂದಲವಿದೆ. ರೀಸೆಟ್ ಮುಗಿದ ಮೇಲೂ ರೇಡ್ ಸಿಂಕ್, ಅಂದರೆ ಎರಡೂ ಡಿಸ್ಕ್‌ಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ, ಗಂಟೆಗಟ್ಟಲೆ ನಡೆಯುತ್ತದೆ, ಲೈಟುಗಳು ಮಿನುಗುತ್ತಲೇ ಇರುತ್ತವೆ. ಲಿನಕ್ಸ್‌ನಲ್ಲಿ ಈ ಸಿಂಕ್ ಬೇರೆ ಕೆಲಸಕ್ಕೆ ದಾರಿ ಬಿಟ್ಟುಕೊಡುತ್ತದೆ. ನೀವು ಫೈಲ್ ಕಾಪಿ ಮಾಡುತ್ತಿದ್ದರೆ ಸಿಂಕ್‌ನ ವೇಗ ಸೆಕೆಂಡಿಗೆ 1 ಎಂಬಿಯಷ್ಟು ಕೆಳಕ್ಕೂ ಇಳಿಯಬಹುದು. ಆಗ ಅಂದಾಜು ಸಮಯ ದಿನಗಟ್ಟಲೆ ತೋರಿಸುತ್ತದೆ. ಸುಮ್ನೆ ಬಿಟ್ಟರೆ ತಾನೇ ವೇಗ ಹಿಡಿಯುತ್ತದೆ.

ನಿಂತಿರುವುದು ಪುಟವೋ, ಪೆಟ್ಟಿಗೆಯೋ

'ರೀಸೆಟ್ ನಿಂತುಬಿಟ್ಟಿದೆ' ಅನ್ನುವ ದೂರು ಬಂದರೆ ನಾನು ಮೊದಲು ಶಂಕಿಸುವುದು ಬ್ರೌಸರ್ ಪುಟವನ್ನು. ಕಾರಣ ಸರಳ. ನೀವು ಮೊದಲು ನಾಸ್‌ಗೆ 192.168.1.50 ಎಂಬಂಥ ಒಂದು ಖಾಯಂ ವಿಳಾಸ ಕೊಟ್ಟಿರುತ್ತೀರಿ. ರೀಸೆಟ್ ಅದನ್ನೂ ಅಳಿಸುತ್ತದೆ. ಎದ್ದ ಮೇಲೆ ನಾಸ್ ರೌಟರ್‌ನ ಬಳಿ ಹೊಸ ವಿಳಾಸ ಕೇಳುತ್ತದೆ, ರೌಟರ್ 192.168.1.7 ಕೊಡುತ್ತದೆ. ನಿಮ್ಮ ಬ್ರೌಸರ್ ಮಾತ್ರ ಹಳೆಯ ವಿಳಾಸವನ್ನೇ ಕೇಳುತ್ತಾ ಕೂತಿರುತ್ತದೆ. ಅಲ್ಲಿ ಈಗ ಯಾರೂ ಇಲ್ಲ.

ರೌಟರ್‌ನ ಪುಟಕ್ಕೆ ಹೋಗಿ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ನೋಡಿ. ನಾಸ್‌ನ ಹೆಸರೂ ಫ್ಯಾಕ್ಟರಿಯ ಹೆಸರಿಗೆ ಮರಳಿರುತ್ತದೆ, ಆದ್ದರಿಂದ ಹೆಸರು ನಂಬಬೇಡಿ. ಪೆಟ್ಟಿಗೆಯ ಹಿಂದೆ ಅಥವಾ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಮ್ಯಾಕ್ ವಿಳಾಸ, ಅಂದರೆ ರೀಸೆಟ್‌ನಿಂದ ಬದಲಾಗದ ಗುರುತಿನ ಸಂಖ್ಯೆ, ಇರುತ್ತದೆ. ಅದನ್ನು ಪಟ್ಟಿಯಲ್ಲಿ ಹುಡುಕಿ. ಸಿಕ್ಕಿದರೆ ಪಕ್ಕದಲ್ಲಿರುವ ಐಪಿಗೆ ಕಂಪ್ಯೂಟರ್‌ನಿಂದ ಪಿಂಗ್ ಮಾಡಿ, ಅಂದರೆ ಆ ವಿಳಾಸ ಉತ್ತರಿಸುತ್ತದೆಯೇ ಎಂದು ಕೇಳುವ ಕಮಾಂಡ್ ಕೊಡಿ. ಉತ್ತರ ಬಂತೋ, ಪೆಟ್ಟಿಗೆ ಜೀವಂತವಾಗಿದೆ. ಆಮೇಲೆ ಹೊಸ ಪ್ರೈವೇಟ್ ವಿಂಡೋದಲ್ಲಿ ಆ ಐಪಿ ತೆರೆಯಿರಿ. ಹಳೆಯ ಟ್ಯಾಬ್ ರಿಫ್ರೆಶ್ ಮಾಡಿದರೆ ಸಾಲದು, ಅದು ಹಳೆಯ ಲಾಗಿನ್ ಹಿಡಿದುಕೊಂಡಿರುತ್ತದೆ. ಮೊದಲು ಎಚ್‌ಟಿಟಿಪಿಎಸ್ ಬಳಸುತ್ತಿದ್ದರೆ ಈಗ ಬರೀ ಎಚ್‌ಟಿಟಿಪಿ ಹಾಕಿ ನೋಡಿ. ಸಿನಾಲಜಿಯಾದರೆ ಐಪಿಯ ಕೊನೆಗೆ ಪೋರ್ಟ್ ಸಂಖ್ಯೆಯನ್ನು :5000 ಎಂದು ಸೇರಿಸಿ, ಕ್ಯೂನ್ಯಾಪ್ ಕಂಪನಿಯದಾದರೆ :8080. ಕ್ಯೂನ್ಯಾಪ್‌ನ ಕ್ಯೂಫೈಂಡರ್, ಸಿನಾಲಜಿಯ ಅಸಿಸ್ಟೆಂಟ್‌ನಂಥ ಪ್ರೋಗ್ರಾಂಗಳು ನಾಸ್ ಎಲ್ಲಿದೆ ಎಂದು ತಾವೇ ಹುಡುಕಿ ಕೊಡುತ್ತವೆ.

ಪಟ್ಟಿಯಲ್ಲಿ ಕಾಣಲೇ ಇಲ್ಲವೇ? ಲ್ಯಾನ್ ಕೇಬಲ್ ಬದಲಿಸಿ, ರೌಟರ್‌ನ ಬೇರೆ ಪೋರ್ಟ್‌ಗೆ ಹಾಕಿ. ನಡುವೆ ನೆಟ್‌ವರ್ಕ್ ಸ್ವಿಚ್ ಇದ್ದರೆ ತೆಗೆದು ನೇರ ರೌಟರ್‌ಗೇ ಜೋಡಿಸಿ. ರೌಟರ್ ವಿಳಾಸ ಕೊಡದಿದ್ದಾಗ ಅನೇಕ ನಾಸ್‌ಗಳು 169.254ರಿಂದ ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಳ್ಳುತ್ತವೆ. ಅಂಥ ವಿಳಾಸ ಕಂಡರೆ ತೊಂದರೆ ಕೇಬಲ್ ಅಥವಾ ರೌಟರ್ ಕಡೆಯದು, ಡಿಸ್ಕ್‌ನದಲ್ಲ.

ಹಳೆಯ ನಾಸ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಸೆಟಪ್ ಪುಟ ತೆರೆಯುತ್ತದೆ, ಆದರೆ ವಿಂಡೋಸ್‌ನ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಡ್ರೈವ್ ಕಾಣುವುದಿಲ್ಲ ಎಂದಾದರೆ ರೀಸೆಟ್ ಕೆಟ್ಟಿಲ್ಲ. ಹಳೆಯ ಪೆಟ್ಟಿಗೆಗಳು ಎಸ್‌ಎಂಬಿ 1 ಎಂಬ, ಫೈಲ್ ಹಂಚಿಕೊಳ್ಳುವ ಹಳೆಯ ಪ್ರೋಟೋಕಾಲ್ ಬಳಸುತ್ತವೆ. 2017ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಈಚೆಗೆ, ಹೊಸದಾಗಿ ವಿಂಡೋಸ್ ಹಾಕಿದರೆ ಅದು ತಾನಾಗಿ ಬರುವುದಿಲ್ಲ. ಅದರ ಸುರಕ್ಷತೆ ಅಷ್ಟು ದುರ್ಬಲ. ನಾಸ್‌ನ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ 2 ಆಯ್ಕೆ ಇದೆಯೇ ನೋಡಿ. ವಿಂಡೋಸ್ ಕಡೆ ಹಳೆಯದನ್ನು ತೆರೆದಿಡುವುದು ನನಗೆ ಸರಿ ಕಾಣುವುದಿಲ್ಲ.

ಕಿವಿ ಕೊಟ್ಟು ಕೇಳಿ

ಪಿಂಗ್‌ಗೆ ಉತ್ತರವಿಲ್ಲ, ಲೆಕ್ಕದ ಸಮಯವೂ ಮುಗಿದಿದೆ. ಈಗ ಪೆಟ್ಟಿಗೆಗೆ ಕಿವಿ ಇಟ್ಟು ಕೇಳಿ. ಒಂದೇ ಸಮನೆ ಸುತ್ತುವ ಸದ್ದು, ಜೊತೆಗೆ ಸಣ್ಣಗೆ ಕರಕರ ಬಂದರೆ ಡಿಸ್ಕ್ ಕೆಲಸದಲ್ಲಿದೆ, ಇನ್ನೂ ಕಾಯಿರಿ. ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್ ಎಂದು ತಾಳ ಹಿಡಿದಂತೆ ಬರುತ್ತಿದ್ದರೆ ಓದುವ ಹೆಡ್ ತನ್ನ ಜಾಗ ಹುಡುಕಲು ಸೋಲುತ್ತಿದೆ. ಆ ಡಿಸ್ಕ್‌ನಲ್ಲಿ ಬೇಕಾದ ಡೇಟಾ ಇದ್ದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡುವುದು ಹೆಡ್‌ಗೂ ತಟ್ಟೆಗೂ ಪೆಟ್ಟು. ಡಿಸ್ಕ್ ಸುತ್ತಲು ಶುರುವಾಗಿ, ನಿಂತು, ಮತ್ತೆ ಶುರುವಾಗುತ್ತಿದ್ದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ.

ಅಡಾಪ್ಟರ್ ಬಗ್ಗೆ ಒತ್ತಿ ಹೇಳುತ್ತೇನೆ. ಎಲ್ಲಕ್ಕಿಂತ ಅಗ್ಗದಲ್ಲಿ ಸರಿಹೋಗುವ ತೊಂದರೆ ಇದು, ಜನ ಕೊನೆಗೆ ನೋಡುವುದೂ ಇದನ್ನೇ. ಒಂದೆರಡು ಡಿಸ್ಕ್‌ನ ಮನೆ ನಾಸ್‌ಗಳು ಸಾಮಾನ್ಯವಾಗಿ 12 ವೋಲ್ಟ್ ಅಡಾಪ್ಟರ್‌ನಲ್ಲಿ ಓಡುತ್ತವೆ. ಡಿಸ್ಕ್ ಸುತ್ತಲು ಶುರುವಾಗುವಾಗ ಕರೆಂಟ್ ಜಾಸ್ತಿ ಎಳೆಯುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಓಡಿ ಸೋತ ಅಡಾಪ್ಟರ್ ಲೈಟ್ ಉರಿಸುವಷ್ಟು ಕೊಡುತ್ತದೆ, ಡಿಸ್ಕ್ ಓಡಿಸುವಷ್ಟು ಕೊಡಲಾರದು. ಬದಲಿ ಅಡಾಪ್ಟರ್ ಬೆಂಗಳೂರಿನ ಎಸ್‌.ಪಿ. ರೋಡ್‌ನಂಥ ಕಡೆ ಕಷ್ಟವಿಲ್ಲದೆ ಸಿಗುತ್ತದೆ. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪಿಯರ್ ಹಳೆಯದರಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್‌ನ ಪ್ಲಸ್ ಮೈನಸ್ ಗುರುತು ಒಂದೇ ಇರಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಒಂದು ಕೆಟ್ಟ ಜಾಗ ಇಡೀ ಕೆಲಸವನ್ನು ಹೇಗೆ ತಡೆಯುತ್ತದೆ

ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಶೇಕಡಾವಾರಿನಲ್ಲಿ ನಿಲ್ಲುತ್ತದೆಯೇ? ಹಾಗಿದ್ದರೆ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ (ಡೇಟಾ ಬರೆಯುವ ಪುಟ್ಟ ಜಾಗ) ಇರುವ ಸಾಧ್ಯತೆ ಹೆಚ್ಚು. ಓದಲಾಗದ ಜಾಗ ಸಿಕ್ಕರೆ ಡಿಸ್ಕ್ ಸುಲಭಕ್ಕೆ ಬಿಡುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾಸ್‌ಗಾಗಿಯೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡ್ ನೋಡಿ 'ಆಗಲಿಲ್ಲ' ಎಂದು ಹೇಳಿಬಿಡುತ್ತವೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಜಾಗಕ್ಕೆ ನಿಮಿಷಕ್ಕೂ ಹೆಚ್ಚು ಹೊತ್ತು ಹೆಣಗಬಹುದು. ಅಂಥ ನೂರು ಜಾಗ ಸಾಲಾಗಿ ಸಿಕ್ಕರೆ ಗಂಟೆಗಳೇ ಹೋಗುತ್ತವೆ. ನಿಮಗೆ ಕಾಣುವುದು ಅಲುಗಾಡದ ಗೆರೆ.

ಇದನ್ನು ಖಚಿತ ಮಾಡಿಕೊಳ್ಳಲು ಡಿಸ್ಕ್ ಹೊರತೆಗೆದು ಕಂಪ್ಯೂಟರ್‌ಗೆ ಜೋಡಿಸಿ. ಸಾಟಾ ಕೇಬಲ್‌ನಲ್ಲಿ ಹಾಕಬಹುದು, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಡಾಕ್ ಕೂಡ ಆದೀತು. ವಿಂಡೋಸ್ ಕೂಡಲೇ 'ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕೇ' ಎಂದು ಕೇಳಬಹುದು. ಖಂಡಿತಾ ಬೇಡ ಎನ್ನಿ. ನಾಸ್‌ನ ಲಿನಕ್ಸ್ ಫೈಲ್ ಸಿಸ್ಟಮ್ ಅದಕ್ಕೆ ಅರ್ಥವಾಗದ ಕಾರಣ ಹಾಗೆ ಕೇಳುತ್ತದೆ, ಅಷ್ಟೇ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಂನಲ್ಲಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆರೆಯಿರಿ. ಅದು ಸಂಖ್ಯೆಗಳನ್ನು 05, ಸಿ5, ಸಿ6, ಸಿ7 ಎಂದು ತೋರಿಸುತ್ತದೆ. ಬೇರೆ ಪ್ರೋಗ್ರಾಂಗಳಲ್ಲಿ ಅವೇ 5, 197, 198, 199. ಮೊದಲನೆಯದು ಕೆಟ್ಟು ಬದಲಿಸಲಾದ ಸೆಕ್ಟರ್‌ಗಳು. 197 ಅನುಮಾನದಲ್ಲಿರುವವು. 198 ಸರಿಪಡಿಸಲಾಗದವು. 197 ಮತ್ತು 198ರಲ್ಲಿ ಸೊನ್ನೆಗಿಂತ ಹೆಚ್ಚು ಇದ್ದು, ಅದು ಏರುತ್ತಿದ್ದರೆ ಆ ಡಿಸ್ಕ್‌ಗೆ ಎಷ್ಟು ರೀಸೆಟ್ ಕೊಟ್ಟರೂ ಪ್ರಯೋಜನವಿಲ್ಲ, ಬದಲಿಸಬೇಕು. 199 ಮಾತ್ರ ಏರುತ್ತಿದ್ದರೆ ಸಂತೋಷಪಡಿ. ಅದು ಡಿಸ್ಕ್‌ಗೂ ಬೋರ್ಡಿಗೂ ನಡುವಿನ ಸಂಪರ್ಕದ ದೋಷ, ಕೇಬಲ್ ಅಥವಾ ಕನೆಕ್ಟರ್ ಸರಿಪಡಿಸಿದರೆ ಮುಗಿಯಿತು.

ಡಿಸ್ಕ್ ಆರೋಗ್ಯವಾಗಿದ್ದೂ ವಿಪರೀತ ನಿಧಾನವಾದರೆ ಅದು ಎಸ್‌ಎಂಆರ್ ಬಗೆಯದಾಗಿರಬಹುದು. ಇವುಗಳಲ್ಲಿ ಟ್ರ್ಯಾಕ್‌ಗಳು ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಂಡಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ರೇಡ್ ಸಿಂಕ್‌ನಂಥ ಕೆಲಸದಲ್ಲಿ ವೇಗ ಕುಸಿದುಬಿಡುತ್ತದೆ. ನಾಸ್‌ಗೆಂದೇ ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಮಾದರಿಗಳಲ್ಲಿ ಈ ತಂತ್ರ ಇದೆ ಎಂದು ವೆಸ್ಟರ್ನ್ ಡಿಜಿಟಲ್ 2020ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ಕೊಳ್ಳುವಾಗ ಮಾದರಿ ಸಂಖ್ಯೆ ನೋಡಿ ಸಿಎಂಆರ್ (ಟ್ರ್ಯಾಕ್‌ಗಳು ಹೊದ್ದುಕೊಳ್ಳದ ಬಗೆ) ಎಂದು ಖಚಿತ ಮಾಡಿಕೊಳ್ಳಿ.

ಕರೆಂಟ್ ತೆಗೆಯುವುದು ಯಾವಾಗ

ಫಾರ್ಮ್ಯಾಟ್ ನಡುವೆ ಕರೆಂಟ್ ಹೋದರೆ ಸಾಮಾನ್ಯವಾಗಿ ಯಂತ್ರ ಸಾಯುವುದಿಲ್ಲ. ಡಿಸ್ಕ್ ಅರೆಬರೆ ಸ್ಥಿತಿಯಲ್ಲಿ ಉಳಿಯುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು. ಆದರೆ ಫರ್ಮ್‌ವೇರ್, ಅಂದರೆ ಪೆಟ್ಟಿಗೆಯನ್ನು ನಡೆಸುವ ಮೂಲ ಪ್ರೋಗ್ರಾಂ, ಬರೆಯುತ್ತಿರುವಾಗ ಹೋದರೆ ಫ್ಲ್ಯಾಶ್ ಚಿಪ್‌ನೊಳಗಿನ ಪ್ರೋಗ್ರಾಂ ಅರ್ಧಕ್ಕೆ ನಿಂತು ಪೆಟ್ಟಿಗೆ ಏಳದೇ ಹೋಗಬಹುದು. ಹಾಗಾಗಿ ಪರದೆಯಲ್ಲಿ ಅಪ್‌ಡೇಟ್ ಅಥವಾ ಅಪ್‌ಗ್ರೇಡ್ ಎಂಬ ಪದ ಕಂಡಿದ್ದರೆ ಅತಿ ಕೊನೆಯವರೆಗೂ ಪ್ಲಗ್ ಮುಟ್ಟಬೇಡಿ.

ಬರೀ ರೀಸೆಟ್ ಆಗಿದ್ದರೆ ನಾನು ಹೇಳುವ ಮಿತಿ ಇದು: ಭಾಗಾಕಾರದಿಂದ ಬಂದ ಸಮಯದ ಎರಡರಷ್ಟು ಕಾಯಿರಿ. ಆಗಲೂ ಪಿಂಗ್ ಇಲ್ಲ, ಡಿಸ್ಕ್‌ನ ಸದ್ದಿಲ್ಲ, ಲ್ಯಾನ್ ಲೈಟಿನಲ್ಲಿ ಚಲನೆ ಇಲ್ಲ ಅಂದರೆ ತೆಗೆಯಬಹುದು. ಮೊದಲು ಪವರ್ ಬಟನ್ ಒಮ್ಮೆ ಒತ್ತಿ ಕೆಲವು ನಿಮಿಷ ಬಿಡಿ. ಆಫ್ ಆಗದಿದ್ದರೆ ಬಟನ್ ಒತ್ತಿ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಪ್ಲಗ್. ಒಂದು ನಿಮಿಷ ಬಿಟ್ಟು, ಜೋಡಿಸಿದ ಯುಎಸ್‌ಬಿ ಡ್ರೈವ್‌ಗಳನ್ನೆಲ್ಲ ತೆಗೆದು, ಲ್ಯಾನ್ ಕೇಬಲ್ ಮಾತ್ರ ಇಟ್ಟು ಆನ್ ಮಾಡಿ. ಇಪ್ಪತ್ತು ನಿಮಿಷ ಅದರ ಪಾಡಿಗೆ ಬಿಡಿ, ಮುಟ್ಟಬೇಡಿ.

ಆಗಲೂ ಪುಟ ಬರದಿದ್ದರೆ ಪೆಟ್ಟಿಗೆಯ ಹಿಂದಿನ ರೀಸೆಟ್ ತೂತು ಇದೆ. ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಫಲವೂ ಬೇರೆ. ಸಿನಾಲಜಿಯಲ್ಲಿ ಸುಮಾರು 4 ಸೆಕೆಂಡ್ ಒತ್ತಿ ಒಂದು ಬೀಪ್ ಕೇಳಿ ಬಿಟ್ಟರೆ ಅಡ್ಮಿನ್ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಸೆಟ್ಟಿಂಗ್ ಮಾತ್ರ ಮರಳುತ್ತವೆ. ಬಿಟ್ಟ 10 ಸೆಕೆಂಡಿನೊಳಗೆ ಮತ್ತೆ 4 ಸೆಕೆಂಡ್ ಒತ್ತಿ ಮೂರು ಬೀಪ್ ಬಂದರೆ ಸಿಸ್ಟಮ್ ಹೊಸದಾಗಿ ಹಾಕುವ ಹಂತಕ್ಕೆ ಹೋಗುತ್ತದೆ. ಫೈಲುಗಳು ಎರಡರಲ್ಲೂ ಉಳಿಯುತ್ತವೆ. ಎಲ್ಲವನ್ನೂ ಅಳಿಸುವ ಆಯ್ಕೆ ಇರುವುದು ಕಂಟ್ರೋಲ್ ಪ್ಯಾನೆಲ್‌ನಲ್ಲಿ. ಬೇರೆ ಕಂಪನಿಯದಾದರೆ ಮ್ಯಾನುಯಲ್ ನೋಡದೆ ಪಿನ್ ಚುಚ್ಚಬೇಡಿ.

ಎರಡು ಡಿಸ್ಕ್‌ನ ಪೆಟ್ಟಿಗೆಯಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ. ಆಫ್ ಮಾಡಿ, ಎರಡೂ ಡಿಸ್ಕ್‌ಗಳಿಗೆ ಜಾಗದ ಸಂಖ್ಯೆ ಬರೆದು ತೆಗೆದಿಡಿ. ಬೇಡದ ಒಂದು ಖಾಲಿ ಡಿಸ್ಕ್ ಹಾಕಿ ಆನ್ ಮಾಡಿ. ಸೆಟಪ್ ಪುಟ ಬಂದರೆ ಪೆಟ್ಟಿಗೆ ಸರಿಯಿದೆ, ದೋಷ ಡಿಸ್ಕ್‌ನದು. ಆಗಲೂ ಬರದಿದ್ದರೆ ಅಡಾಪ್ಟರ್ ಅಥವಾ ಬೋರ್ಡ್.

ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ, ಆದ್ದರಿಂದ ರೀಸೆಟ್ ಶುರು ಮಾಡುವ ಮುಂಚೆ ನಾಸ್ ಮತ್ತು ರೌಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟ್ ಬದಲಾಗುವ ಆ ಚೂರು ಅಂತರ ನಾಸ್ ರೀಬೂಟ್ ಆಗಲು ಸಾಕಾಗಬಹುದು.

ಫೈಲುಗಳು ಬೇಕು ಅನ್ನುವವರಿಗೆ

ಬ್ಯಾಕಪ್ ಇಲ್ಲದೆ ರೀಸೆಟ್ ಕೊಟ್ಟಿದ್ದರೆ, ಅದೂ ಕ್ವಿಕ್ ಆಗಿದ್ದರೆ, ಈ ಕ್ಷಣದಿಂದ ಆ ಡಿಸ್ಕ್‌ಗೆ ಏನನ್ನೂ ಬರೆಯಬೇಡಿ. ಆಫ್ ಮಾಡಿ. ಮಕ್ಕಳ ಫೋಟೋ, ತೀರಿಕೊಂಡವರ ವಿಡಿಯೋ ಇನ್ನೂ ತಟ್ಟೆಯ ಮೇಲೆ ಇರುವ ಸಾಧ್ಯತೆ ಇದೆ. ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ಪ್ರೋಗ್ರಾಂಗಳು ಇಂಥಲ್ಲಿ ನೆರವಾಗುತ್ತವೆ. ಸ್ಮಾರ್ಟ್ ವರದಿ ಕೆಟ್ಟದಾಗಿದ್ದರೆ ಮೊದಲು ಲಿನಕ್ಸ್‌ನ ಡಿಡಿರೆಸ್ಕ್ಯೂನಿಂದ ಪೂರ್ತಿ ನಕಲು ತೆಗೆದು, ಆ ನಕಲಿನ ಮೇಲೆ ಕೆಲಸ ಮಾಡಿ. ಟಕ್ ಟಕ್ ಸದ್ದು ಬರುವ ಡಿಸ್ಕ್ ಮಾತ್ರ ಮನೆಯಲ್ಲಿ ಮುಟ್ಟಬೇಡಿ, ಡೇಟಾ ರಿಕವರಿಯವರಿಗೆ ಕೊಡಿ. ಫುಲ್ ರೀಸೆಟ್ ಮುಗಿದಿದ್ದರೆ ಅಳಿಸಿದ ಜಾಗದಲ್ಲಿ ಏನೂ ಸಿಗುವುದಿಲ್ಲ. ಅರ್ಧಕ್ಕೆ ನಿಂತಿದ್ದರೆ ಉಳಿದ ಭಾಗದಲ್ಲಿ ಆಸೆ ಇದೆ.

ಇನ್ನೊಂದು ಪರಿಸ್ಥಿತಿ ಇದಕ್ಕಿಂತ ಗಂಭೀರ. ನೀವು ರೀಸೆಟ್ ಕೊಟ್ಟೇ ಇಲ್ಲ, ಆದರೂ ನಾಸ್ ಸೆಟಪ್ ಪುಟ ತೋರಿಸುತ್ತಿದೆ. ಆಗ ಮೊದಲು ಲ್ಯಾನ್ ಕೇಬಲ್ ಕೀಳಿ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ನಾಸ್ ಇಟ್ಟುಕೊಂಡಿದ್ದ ಬೇರೆ ಬೇರೆ ದೇಶಗಳ ಜನ ಇದ್ದಕ್ಕಿದ್ದಂತೆ ಖಾಲಿ ಡ್ರೈವ್ ನೋಡಬೇಕಾಯಿತು. ಇಂಟರ್ನೆಟ್ ಮೂಲಕ ಯಾರೋ ಅವುಗಳಿಗೆ ಫ್ಯಾಕ್ಟರಿ ರೀಸೆಟ್ ಕೊಟ್ಟಿದ್ದರು. 2010ರಲ್ಲಿ ಮಾರುಕಟ್ಟೆಗೆ ಬಂದ ಆ ಸಾಧನಕ್ಕೆ ಕೊನೆಯ ಫರ್ಮ್‌ವೇರ್ ಬಂದದ್ದು 2015ರಲ್ಲಿ. ರೀಸೆಟ್‌ಗೆ ಮುನ್ನ ಪಾಸ್‌ವರ್ಡ್ ಪರೀಕ್ಷಿಸುವ ಸಾಲುಗಳು ಅದರ ಕೋಡ್‌ನಲ್ಲಿದ್ದವು, ಆದರೆ ಅವು ಓಡದಂತೆ ಕಾಮೆಂಟ್ ಮಾಡಲಾಗಿತ್ತು. 2011ರಲ್ಲಿ ಕೋಡ್ ತಿದ್ದುವಾಗ ಆದ ತಪ್ಪು ಅದು. ಕಂಪನಿ ಆಮೇಲೆ ಡೇಟಾ ರಿಕವರಿಯ ನೆರವು ಕೊಟ್ಟಿತು. ಅಪ್‌ಡೇಟ್ ನಿಂತುಹೋದ ನಾಸ್ ನಿಮ್ಮ ಬಳಿ ಇದ್ದರೆ ರೌಟರ್‌ನಲ್ಲಿ ಅದಕ್ಕಿರುವ ಪೋರ್ಟ್ ಫಾರ್ವರ್ಡಿಂಗ್ ಮತ್ತು ಯುಪಿಎನ್‌ಪಿ (ಇಂಟರ್ನೆಟ್‌ನಿಂದ ಒಳಬರಲು ತೆರೆಯುವ ದಾರಿಗಳು) ಎರಡನ್ನೂ ಮುಚ್ಚಿ, ಮನೆಯೊಳಗೆ ಮಾತ್ರ ಬಳಸಿ.

ರೀಸೆಟ್ ಸರಿಯಾಗಿ ಮುಗಿದರೂ ಅವತ್ತೇ ಎಲ್ಲವನ್ನೂ ಅದಕ್ಕೆ ತುಂಬಬೇಡಿ. ಮೊದಲು ರೌಟರ್‌ನಲ್ಲಿ ಆ ಮ್ಯಾಕ್ ವಿಳಾಸಕ್ಕೆ ಒಂದು ಐಪಿ ಕಾಯ್ದಿರಿಸಿ, ಆಗ ಮುಂದಿನ ಸಲ ಹುಡುಕಾಟ ಇರುವುದಿಲ್ಲ. ಫರ್ಮ್‌ವೇರ್ ಹೊಸದು ಮಾಡಿ. ನಂತರ ನಾಸ್‌ನ ಪುಟದಿಂದಲೇ ಸ್ಮಾರ್ಟ್‌ನ ಎಕ್ಸ್‌ಟೆಂಡೆಡ್ ಟೆಸ್ಟ್ ಹಾಕಿ ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ 197 ಮತ್ತು 198 ಎರಡೂ ಸೊನ್ನೆ ಇದ್ದರೆ ಫೈಲುಗಳನ್ನು ಹಾಕಬಹುದು. ಇಲ್ಲದಿದ್ದರೆ ಹೊಸ ಡಿಸ್ಕ್ ತರುವವರೆಗೆ ಪೆಟ್ಟಿಗೆ ಖಾಲಿಯೇ ಇರಲಿ.